ಗುರುವಾರಕ್ಕೆ ಸಿಗದ ಮಕ್ಕಳು: ಕಬ್ಬು ಕಡಿಯುವವರ ಗುಡಿಸಲುಗಳಲ್ಲಿ ಒಂದು ಲಸಿಕೆ ಕಾರ್ಯಕ್ರಮ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಕಬ್ಬಿನ ಸೀಮೆಯಲ್ಲಿ ನಡೆದ ಪ್ರಕರಣ ಇದು. ಊರು, ಕಾರ್ಖಾನೆ, ಆರೋಗ್ಯ ಕೇಂದ್ರ ಯಾವುದರ ಹೆಸರನ್ನೂ ಹೇಳುವುದಿಲ್ಲ. ಜನರ ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ಸಮುದಾಯ ಆರೋಗ್ಯ ನರ್ಸಿಂಗ್ ಕಲಿಸುವವಳು. ವಿದ್ಯಾರ್ಥಿನಿಯರನ್ನು ಫೀಲ್ಡ್ ಪೋಸ್ಟಿಂಗ್‌ಗೆ ಕರೆದುಕೊಂಡು ಹೋಗಿದ್ದಾಗ ಅಲ್ಲಿನ ತಂಡದ ಜೊತೆ ಓಡಾಡಿದೆ. ಕಾರ್ಯಕ್ರಮ ಯೋಜನೆ ಮಾಡುವವರಿಗೆ, ಮುಖ್ಯವಾಗಿ ಈಗ ತಾನೇ ಉಪಕೇಂದ್ರಕ್ಕೆ ಸೇರಿದ ಸಿಸ್ಟರ್‌ಗಳಿಗೆ, ಇದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಅಕ್ಟೋಬರ್, ನವೆಂಬರ್ ಹೊತ್ತಿಗೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ಆಗ ಈ ಭಾಗಕ್ಕೆ ಕಬ್ಬು ಕಡಿಯುವ ಗ್ಯಾಂಗ್‌ಗಳು ಬಂದಿಳಿಯುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯವರು ಜಾಸ್ತಿ. ವಿಜಯಪುರ ಜಿಲ್ಲೆಯ ತಾಂಡಾಗಳಿಂದಲೂ ಬರುತ್ತಾರೆ. ಗಂಡ ಹೆಂಡತಿ ಸೇರಿ ಒಂದು 'ಕೊಯ್ತಾ'. ಮುಂಗಡ ಹಣ ಕೊಡುವುದು ಕೊಯ್ತಾ ಲೆಕ್ಕದಲ್ಲಿ, ಕೊಡುವವನು ಗ್ಯಾಂಗ್ ಕರೆತರುವ ಮೇಸ್ತ್ರಿ, ಅವನಿಗೆ ಮುಕಾದಮ್ ಎನ್ನುತ್ತಾರೆ. ಒಂದು ದಿನ ಕೆಲಸಕ್ಕೆ ಹೋಗದಿದ್ದರೆ 'ಖಾಡಾ' ಎಂದು ದಂಡ ಹಾಕುತ್ತಾರೆ, ಅದು ಮುಂಗಡದ ಲೆಕ್ಕಕ್ಕೆ ಸೇರುತ್ತದೆ. ಈ ಎರಡು ಮಾತು ಗೊತ್ತಿಲ್ಲದೆ ಇಲ್ಲಿ ಯಾವ ಆರೋಗ್ಯ ಕಾರ್ಯಕ್ರಮವೂ ನಡೆಯುವುದಿಲ್ಲ.

ನಾನು ಹೇಳುತ್ತಿರುವ ಉಪಕೇಂದ್ರದ ವ್ಯಾಪ್ತಿಯಲ್ಲಿ ಆ ವರ್ಷ ಎರಡು ಗುಂಪು ಇದ್ದವು. ಒಂದು ಎತ್ತಿನ ಗಾಡಿಯವರದು. ಅವರು ಕಾರ್ಖಾನೆ ಹತ್ತಿರದ ಬಯಲಲ್ಲಿ ದೊಡ್ಡ ಗುಂಪಾಗಿ ಗುಡಿಸಲು ಹಾಕಿದ್ದರು. ಇನ್ನೊಂದು ಟ್ರ್ಯಾಕ್ಟರ್ ಗ್ಯಾಂಗ್. ಊರ ಪಕ್ಕದ ಖಾಲಿ ಜಾಗದಲ್ಲಿ ಇಳಿದು, ಸುತ್ತಲ ಕಬ್ಬು ಮುಗಿದ ಕೂಡಲೇ ಮುಂದಿನ ಊರಿಗೆ ಹೋಗುವವರು.

ಉಪಕೇಂದ್ರದಲ್ಲಿದ್ದವರು ಒಬ್ಬ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಊರವರು ಈಗಲೂ ಸಿಸ್ಟರ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಜೊತೆಗೆ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಕಾರ್ಯಕರ್ತೆ, ಆರೋಗ್ಯ ನಿರೀಕ್ಷಣಾಧಿಕಾರಿ. ಬಯಲು ಸೀಮೆಯಲ್ಲಿ ಐದು ಸಾವಿರ ಜನಕ್ಕೆ ಒಂದು ಉಪಕೇಂದ್ರ ಎಂಬ ಲೆಕ್ಕ ಇದೆಯಲ್ಲ, ಆ ಲೆಕ್ಕದಲ್ಲಿ ಈ ಗುಡಿಸಲಿನವರು ಸೇರಿರಲಿಲ್ಲ. ಮನೆ ಸಮೀಕ್ಷೆ ನಡೆದಿದ್ದು ಅವರು ಬರುವ ಮೊದಲು. ಹೀಗಾಗಿ ಡ್ಯೂ ಲಿಸ್ಟ್‌ನಲ್ಲಿ, ಅಂದರೆ ಲಸಿಕೆ ಬಾಕಿ ಇರುವವರ ಪಟ್ಟಿಯಲ್ಲಿ, ಅವರ ಒಂದು ಮಗುವಿನ ಹೆಸರೂ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಮಗು ಬಾಕಿ ಅಂತ ಯಾರಿಗೂ ಕಾಣುವುದಿಲ್ಲ. ಕಾಗದದ ಮೇಲೆ ಆ ಉಪಕೇಂದ್ರದ ಲಸಿಕೆ ಸಾಧನೆ ಚೆನ್ನಾಗಿಯೇ ಇತ್ತು.

ಸಮಸ್ಯೆ ಕಂಡದ್ದು

ಟ್ರ್ಯಾಕ್ಟರ್ ಗ್ಯಾಂಗ್‌ನ ಒಂದು ಮಗುವಿಗೆ ಜ್ವರ ಬಂದು ಮೈಮೇಲೆ ಕೆಂಪು ಗುಳ್ಳೆ ಎದ್ದವು. ಕಣ್ಣು ಕೆಂಪು, ಮೂಗು ಸೋರುತ್ತಿತ್ತು. ತಾಯಿ ಬೇವಿನ ಸೊಪ್ಪು ಕಟ್ಟಿ ಮಗುವನ್ನು ಗುಡಿಸಲಿನ ಒಳಗೇ ಮಲಗಿಸಿದ್ದಳು. ಊರಿನ ಆಶಾ ನೀರು ತರಲು ಹೋದಾಗ ಯಾರೋ ಹೇಳಿದ್ದನ್ನು ಕೇಳಿ ಬಂದು ಸಿಸ್ಟರ್‌ಗೆ ತಿಳಿಸಿದಳು. ದಡಾರ ಇರಬಹುದು ಎಂದು ವರದಿ ಹೋಯಿತು. ರಕ್ತದ ಮಾದರಿ ತೆಗೆದರು, ಮಗುವಿಗೆ ಎರಡು ದಿನ ವಿಟಮಿನ್ ಎ ಕೊಟ್ಟರು. ಪರೀಕ್ಷೆಯಲ್ಲಿ ದಡಾರ ಅಂತಲೇ ಬಂತು.

ದಡಾರ ಗಾಳಿಯಲ್ಲಿ ಹರಡುವ ರೋಗ. ರಕ್ಷಣೆ ಇಲ್ಲದವರ ನಡುವೆ ಒಬ್ಬರಿಂದ 12ರಿಂದ 18 ಜನರಿಗೆ ಅಂಟಬಲ್ಲದು. ಗುಳ್ಳೆ ಏಳುವ ನಾಲ್ಕು ದಿನ ಮೊದಲೇ ಹರಡಲು ಶುರುವಾಗಿರುತ್ತದೆ. ಗುಡಿಸಲುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಗಲಿಡೀ ಎಲ್ಲರ ಮಕ್ಕಳೂ ಒಟ್ಟಿಗೇ ಇರುತ್ತಿದ್ದವು. ಎಷ್ಟು ಮಕ್ಕಳಿಗೆ ಲಸಿಕೆ ಆಗಿದೆ, ಯಾವ ಮಕ್ಕಳಿಗೆ ಆಗಿಲ್ಲ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ.

ಮೊದಲು ಮಾಡಿದ್ದು

ಕರ್ನಾಟಕದಲ್ಲಿ ಗುರುವಾರ ಲಸಿಕೆಯ ದಿನ. ಹಾಗಾಗಿ ಮುಂದಿನ ಗುರುವಾರ ಅಂಗನವಾಡಿಯಲ್ಲಿ ಹೆಚ್ಚುವರಿ ಲಸಿಕೆ ತರಿಸಿದರು. ಪಂಚಾಯಿತಿಯ ಕಸದ ಗಾಡಿಯ ಮೈಕಿನಲ್ಲಿ ಕನ್ನಡದಲ್ಲಿ ಕೂಗಿಸಿದರು. ಊರಿನ ಮಕ್ಕಳು ಬಂದರು. ಗುಡಿಸಲಿನಿಂದ ಯಾರೂ ಬರಲಿಲ್ಲ.

ಅದರ ಮುಂದಿನ ಗುರುವಾರ ತಂಡವೇ ವ್ಯಾಕ್ಸಿನ್ ಕ್ಯಾರಿಯರ್ (ಲಸಿಕೆ ತಣ್ಣಗಿಟ್ಟು ಒಯ್ಯುವ ಪೆಟ್ಟಿಗೆ) ಹಿಡಿದು ಗುಡಿಸಲಿಗೆ ಹೋಯಿತು. ನಾನೂ ಇದ್ದೆ. ಬೆಳಗಿನ ಹನ್ನೊಂದು ಗಂಟೆ ಇರಬೇಕು. ದೊಡ್ಡವರು ಒಬ್ಬರೂ ಇರಲಿಲ್ಲ. ಹತ್ತು ವರ್ಷದ ಒಬ್ಬ ಹುಡುಗಿ ಸೊಂಟದ ಮೇಲೆ ಒಂದು ಕೂಸು ಎತ್ತಿಕೊಂಡು, ಕಾಲಿನಿಂದ ಇನ್ನೊಂದು ಕೂಸಿನ ಜೋಳಿಗೆ ತೂಗುತ್ತಾ ನಿಂತಿದ್ದಳು. ಒಲೆ ಮೇಲೆ ಮುಚ್ಚಿಟ್ಟ ಪಾತ್ರೆ, ಪಕ್ಕದಲ್ಲಿ ಕಬ್ಬಿನ ಸಿಪ್ಪೆ. ಅಮ್ಮ ಎಲ್ಲಿ ಎಂದರೆ 'ಆಯಿ ಶೇತಾತ ಗೇಲಿ' ಎಂದಳು. ಹೊಲಕ್ಕೆ ಹೋಗಿದ್ದಾಳೆ. ಎಷ್ಟು ಹೊತ್ತಿಗೆ ಹೋದಳು ಎಂದರೆ ಆಕಾಶದ ಕಡೆ ಕೈ ತೋರಿಸಿ, ಕತ್ತಲೆ ಇತ್ತು ಎನ್ನುವ ಹಾಗೆ ಕಣ್ಣು ಮುಚ್ಚಿದಳು.

ಇಲ್ಲಿ ಮೊದಲ ಕಠಿಣ ನಿರ್ಧಾರ ಬಂತು. ಲಸಿಕೆ ಕೈಯಲ್ಲಿದೆ, ಮಕ್ಕಳು ಕಣ್ಣೆದುರಿಗಿದ್ದಾರೆ, ದಡಾರ ಪಕ್ಕದ ಗುಡಿಸಲಲ್ಲಿದೆ. ಹಾಕಿಬಿಡೋಣ, ಆಮೇಲೆ ಹೇಳಿದರಾಯಿತು ಎಂದು ತಂಡದಲ್ಲಿ ಒಬ್ಬರು ಹೇಳಿದರು. ಸಿಸ್ಟರ್ ಬೇಡ ಎಂದರು. ತಾಯಿಗೆ ಗೊತ್ತಿಲ್ಲದೆ ಹಾಕಿ, ರಾತ್ರಿ ಮಗುವಿಗೆ ಜ್ವರ ಬಂದರೆ ಇನ್ನು ಈ ಕಡೆ ಕಾಲಿಡಲು ಆಗುವುದಿಲ್ಲ ಎನ್ನುವುದು ಒಂದು ಕಾರಣ. ಯಾವ ಮಗುವಿಗೆ ಮೊದಲು ಏನಾಗಿದೆ, ಮೈಯಲ್ಲಿ ಹುಷಾರಿದೆಯಾ ಎಂದು ಹೇಳಬೇಕಾದವಳು ತಾಯಿ, ಅವಳನ್ನು ಕೇಳದೆ ಸೂಜಿ ಹಿಡಿಯುವುದು ಸರಿಯಲ್ಲ ಎನ್ನುವುದು ಇನ್ನೊಂದು. ಆ ಹುಡುಗಿಯ ಕೈಗೆ ಅರ್ಧ ಗಂಟೆ ನಿಗಾ ನೋಡುವ ಹೊಣೆ ಕೊಡಲು ಆಗುತ್ತದಾ? ಆಗುವುದಿಲ್ಲ. ಕ್ಯಾರಿಯರ್ ಮುಚ್ಚಿಕೊಂಡು ವಾಪಸ್ ಬಂದೆವು. ಆ ದಿನದ ವರದಿಯಲ್ಲಿ ಸೊನ್ನೆ ಬಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ತೆಗೆದುಕೊಂಡ ಅತ್ಯಂತ ಒಳ್ಳೆಯ ನಿರ್ಧಾರ ಅದು.

ತಿರುವು: ಲಸಿಕೆ ಇಲ್ಲದೆ ಹೋದ ಸಂಜೆ

ಆರೋಗ್ಯ ಕೇಂದ್ರದ ಸಭೆಯಲ್ಲಿ ಎರಡು ಸಲಹೆ ಬಂದವು. ಪೊಲೀಸರನ್ನೋ ಕಾರ್ಖಾನೆಯವರನ್ನೋ ಕರೆದುಕೊಂಡು ಹೋಗಿ ಒಂದೇ ದಿನ ಮುಗಿಸಿಬಿಡುವುದು ಒಂದು. 'ಕರೆದರೂ ಬರಲಿಲ್ಲ' ಎಂದು ಬರೆದು ಮೇಲಕ್ಕೆ ಕಳಿಸುವುದು ಇನ್ನೊಂದು. ಸಿಸ್ಟರ್ ಮೂರನೆಯದನ್ನು ಕೇಳಿದರು. ಸುಮ್ನೆ ಒಂದು ಸಂಜೆ ಹೋಗಿ ಕೂತು ಬರುತ್ತೇವೆ, ಲಸಿಕೆ ಒಯ್ಯುವುದಿಲ್ಲ, ಮಾತಾಡಿಸಿಕೊಂಡು ಬರುತ್ತೇವೆ. ರೋಗ ಹರಡುತ್ತಿರುವಾಗ ಮಾತಾಡುತ್ತಾ ಕೂರುವುದಾ ಎಂಬ ಪ್ರಶ್ನೆ ಬಂದೇ ಬಂತು. ವೈದ್ಯಾಧಿಕಾರಿ ಒಪ್ಪಿದರು.

ಭಾಷೆಗೆ ಯಾರು? ಪಕ್ಕದ ಊರಿನ ಒಬ್ಬ ಆಶಾ ಕಾರ್ಯಕರ್ತೆಯ ತವರು ಮಹಾರಾಷ್ಟ್ರದ ಗಡಿ. ಮರಾಠಿ ಅವರ ಮನೆಮಾತು. ಅವರ ಕ್ಷೇತ್ರ ಅಲ್ಲದಿದ್ದರೂ ಕೇಳಿಕೊಂಡು ಕರೆಸಿದರು.

ಹೆಂಗಸರು ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದರು. ನಮ್ಮ ವಿದ್ಯಾರ್ಥಿನಿಯರು ಫಾರಂ ತೆಗೆಯಲು ಹೊರಟಾಗ ಸಿಸ್ಟರ್ ಕಣ್ಸನ್ನೆಯಲ್ಲೇ ತಡೆದರು. ಮೊದಲು ಕೂತು ಮಾತು. ಒಂದೊಂದೇ ವಿಷಯ ಹೊರಗೆ ಬಂತು. ಬೆಳಗಿನ ಜಾವ ನಾಲ್ಕಕ್ಕೆ ಹೊಲಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಟ್ರ್ಯಾಕ್ಟರ್ ತಡವಾದರೆ ರಾತ್ರಿ ಕೂಡ ಕಬ್ಬು ಹೇರಬೇಕು. ಸಂತೆ ದಿನ ಮಾತ್ರ ಮಧ್ಯಾಹ್ನವೇ ಬಂದು ಜೋಳ, ಎಣ್ಣೆ ತರಲು ಹೋಗುತ್ತಾರೆ. ಲಸಿಕೆ ಬೇಡ ಎಂದು ಯಾರೂ ಹೇಳಲಿಲ್ಲ. ಸೂಜಿ ಹಾಕಿಸಿದರೆ ಕೂಸು ರಾತ್ರಿಯಿಡೀ ಅಳುತ್ತದೆ, ಬೆಳಿಗ್ಗೆ ಬಿಟ್ಟು ಹೋಗಲು ಆಗುವುದಿಲ್ಲ, ಹೋಗದಿದ್ದರೆ ಖಾಡಾ ಬೀಳುತ್ತದೆ. ಅವರ ಭಯ ಇದ್ದದ್ದು ಇಲ್ಲಿ. ತಿಳಿವಳಿಕೆ ಕೊಡುವ ಪೋಸ್ಟರ್ ಎಷ್ಟು ಅಂಟಿಸಿದರೂ ಈ ಭಯ ಹೋಗುತ್ತಿರಲಿಲ್ಲ, ಅಲ್ವಾ?

ಇನ್ನೊಂದು ಮಾತೂ ಬಂತು. ನಿಮಗೆ ನಮ್ಮಿಂದ ಏನು ಬೇಕು ಎಂದು ಕೇಳಿದಾಗ ಎಲ್ಲರೂ ಹೇಳಿದ್ದು ನೀರು. ಕುಡಿಯಲು ಕಾಲುವೆ ನೀರನ್ನೇ ತರುತ್ತಿದ್ದರು. ಊರಿನ ನಲ್ಲಿಗೆ ಹೋದರೆ ಬೈಸಿಕೊಳ್ಳಬೇಕಿತ್ತು. ಮಕ್ಕಳಿಗೆ ಭೇದಿ ನಿಂತಿರಲಿಲ್ಲ.

ಪಾಠದಲ್ಲಿ ನಾವು ಜನ ಕೇಳುವ ಅಗತ್ಯ, ನಾವು ಕಾಣುವ ಅಗತ್ಯ ಎಂದು ಬೇರೆ ಬೇರೆ ಬರೆಸುತ್ತೇವೆ. ಇಲ್ಲಿ ಎರಡೂ ಎದುರು ಬದುರಾಗಿ ನಿಂತವು. ನಮಗೆ ದಡಾರ ಅವಸರ. ಅವರಿಗೆ ನೀರು. ಸಿಸ್ಟರ್ ಮಾರನೆಯ ದಿನವೇ ಪಂಚಾಯಿತಿಗೆ ಹೋಗಿ ಅಭಿವೃದ್ಧಿ ಅಧಿಕಾರಿಯ ಹತ್ತಿರ ಕೂತರು. ಭೇದಿ ಮತ್ತು ದಡಾರ ಊರೊಳಗೆ ಬಂದರೆ ಏನಾಗುತ್ತದೆ ಎಂದು ವಿವರಿಸಿದರು. ಎರಡು ದಿನದಲ್ಲಿ ಗುಡಿಸಲಿನ ಹತ್ತಿರ ಒಂದು ಸಿಂಟೆಕ್ಸ್ ಟ್ಯಾಂಕ್ ಬಂತು, ಟ್ಯಾಂಕರ್ ನೀರು ತುಂಬಲು ಶುರುವಾಯಿತು. ಕ್ಲೋರಿನ್ ಹಾಕುವುದನ್ನು ಆರೋಗ್ಯ ನಿರೀಕ್ಷಣಾಧಿಕಾರಿ ವಹಿಸಿಕೊಂಡರು. ಓಆರ್‌ಎಸ್ ಮತ್ತು ಜಿಂಕ್ ಮಾತ್ರೆ ಕೊಟ್ಟರು. ನೀರು ಬಂದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಟ್ಯಾಂಕ್ ಬಂದ ಸಂಜೆ ತಲೆ ಎಣಿಕೆಗೆ ಕೂತಾಗ ಹೆಂಗಸರೇ ಮಕ್ಕಳನ್ನು ಸಾಲಾಗಿ ಕರೆದು ತೋರಿಸಿದರು. ಐದು ವರ್ಷದ ಒಳಗಿನ ಮಕ್ಕಳು, ಗರ್ಭಿಣಿಯರು, ಎಲ್ಲರ ಹೆಸರೂ ಬರೆದುಕೊಂಡದ್ದು ಆವತ್ತು.

ಹೊಸ ಯೋಜನೆ

ಸಂತೆ ಮಂಗಳವಾರ. ಹಾಗಾಗಿ ಲಸಿಕೆಯೂ ಮಂಗಳವಾರ, ಮಧ್ಯಾಹ್ನ ಮೂರರ ನಂತರ. ಕೇಳಲು ಸಣ್ಣ ಬದಲಾವಣೆ, ಆದರೆ ಅದಕ್ಕೆ ಹಿಂದಿನ ಎಷ್ಟೋ ಕೆಲಸ ಬದಲಾಗಬೇಕಾಯಿತು. ಲಸಿಕೆ ತಂದುಕೊಡುವವನು ಬೆಳಿಗ್ಗೆ ತಂದು ಸಂಜೆ ಐದರೊಳಗೆ ವಾಪಸ್ ಒಯ್ಯುವವನು. ಅವನ ಹೊತ್ತು ಬದಲಿಸಬೇಕು, ರಾತ್ರಿ ಶೀತಲ ಪೆಟ್ಟಿಗೆಗೆ ವಾಪಸ್ ಇಡಲು ಆರೋಗ್ಯ ಕೇಂದ್ರದಲ್ಲಿ ಒಬ್ಬರು ಇರಬೇಕು. ವೈದ್ಯಾಧಿಕಾರಿ ಇದನ್ನು ಲಿಖಿತವಾಗಿ ಮೈಕ್ರೋ ಪ್ಲಾನ್‌ಗೆ, ಅಂದರೆ ಎಲ್ಲಿ, ಯಾವಾಗ, ಯಾರು ಲಸಿಕೆ ಹಾಕಬೇಕೆಂಬ ಯೋಜನೆಗೆ, ಸೇರಿಸಿದರು. ಬಾಯಿಮಾತಿನ ಅನುಮತಿ ಒಂದು ವಾರ ನಡೆಯುತ್ತದೆ, ಎರಡನೇ ವಾರ ಯಾರಾದರೂ ರಜೆ ಹಾಕಿದರೆ ನಿಂತುಹೋಗುತ್ತದೆ.

ವಯಲ್ (ಹಲವು ಡೋಸ್‌ಗಳಿರುವ ಲಸಿಕೆಯ ಸೀಸೆ) ತೆರೆಯುವ ವಿಷಯದಲ್ಲಿ ಚರ್ಚೆ ಆಯಿತು. ದಡಾರ ರುಬೆಲ್ಲಾ ಲಸಿಕೆಯನ್ನು ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಬಿಸಾಡಬೇಕು. ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾವೇಲೆಂಟ್ ಹಾಗಲ್ಲ, ತೆರೆದ ವಯಲ್ ಸರಿಯಾಗಿ ಇಟ್ಟರೆ 28 ದಿನ ಬಳಸಬಹುದು. ಸಂಜೆ ಒಬ್ಬೊಬ್ಬರೇ ಬರುತ್ತಾರೆ, ಒಂದು ಮಗುವಿಗೆ ವಯಲ್ ತೆರೆದರೆ ವ್ಯರ್ಥ ಆಗುವುದಿಲ್ಲವೇ ಎಂದು ಕೆಲವರಿಗೆ ಅಳುಕು. ಒಂದೇ ಮಗು ಬಂದರೂ ತೆರೆಯಬೇಕು ಎನ್ನುವುದೇ ನಿಯಮ. 'ನಾಳೆ ಬನ್ನಿ' ಎಂದು ಕಳಿಸಿದರೆ ಈ ಮಕ್ಕಳಿಗೆ ನಾಳೆ ಇರುವುದಿಲ್ಲ, ಗ್ಯಾಂಗ್ ಮುಂದಿನ ಊರಿಗೆ ಹೋಗಿರುತ್ತದೆ.

ಕಾರ್ಡ್ ಇಲ್ಲದ ಮಕ್ಕಳದ್ದು ದೊಡ್ಡ ಗೊಂದಲ. ಹಳೆಯ ಲಸಿಕೆ ಕಾರ್ಡು ಊರಲ್ಲಿ ಅಜ್ಜಿ ಹತ್ತಿರ ಇದೆ ಎನ್ನುವವರೇ ಎಲ್ಲ. ಊರಿಗೆ ಫೋನ್ ಮಾಡಿಸಿ, ಕಾರ್ಡಿನ ಫೋಟೋ ವಾಟ್ಸಾಪ್‌ನಲ್ಲಿ ತರಿಸಲು ನೋಡಿದರು. ಕೆಲವರದು ಬಂತು. ಬಾರದವರಿಗೆ ತೋಳಿನ ಮೇಲಿನ ಬಿಸಿಜಿ (ಕ್ಷಯದ ಲಸಿಕೆ) ಗುರುತು ನೋಡಿ, ತಾಯಿಯ ನೆನಪು ಕೇಳಿ ನಿರ್ಧರಿಸಿದರು. ನಿಂತುಹೋದ ಡೋಸ್‌ಗಳನ್ನು ಮೊದಲಿನಿಂದ ಶುರು ಮಾಡಬೇಕಿಲ್ಲ, ಎಲ್ಲಿ ನಿಂತಿದೆಯೋ ಅಲ್ಲಿಂದ ಮುಂದುವರಿಸಬೇಕು. ದಡಾರ ರುಬೆಲ್ಲಾ ಐದು ವರ್ಷದವರೆಗೂ ಕೊಡಬಹುದು. ಒಂದು ವರ್ಷ ದಾಟಿ ಒಮ್ಮೆಯೂ ಪೆಂಟಾವೇಲೆಂಟ್ ಆಗದ ಮಗುವಿಗೆ ಅದರ ಬದಲು ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ). ಇದನ್ನೆಲ್ಲ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾರಿಯರ್ ಮುಚ್ಚಳಕ್ಕೆ ಅಂಟಿಸಿದ್ದು ನಮ್ಮ ಒಬ್ಬ ವಿದ್ಯಾರ್ಥಿನಿಯ ಕೆಲಸ. ಕತ್ತಲಲ್ಲಿ, ಮಕ್ಕಳ ಅಳುವಿನ ನಡುವೆ ಪುಸ್ತಕ ತೆಗೆದು ನೋಡಲು ಆಗುವುದಿಲ್ಲ.

ಮುಕಾದಮ್ ಜೊತೆ ಮಾತಾಡಿದ್ದು ಸಿಸ್ಟರ್ ಮತ್ತು ನಿರೀಕ್ಷಣಾಧಿಕಾರಿ. ಧರ್ಮದ ಮಾತು ಹೇಳಲಿಲ್ಲ. ದಡಾರ ಸುತ್ತಿದರೆ ಎಷ್ಟು ಕೊಯ್ತಾ ಕೆಲಸ ಬಿಟ್ಟು ಮಕ್ಕಳ ಹತ್ತಿರ ಕೂರಬೇಕಾಗುತ್ತದೆ ಲೆಕ್ಕ ಹಾಕಿ ಎಂದರು. ಲಸಿಕೆಯ ಮಾರನೆಯ ದಿನ ಎಳೆ ಕೂಸಿನ ತಾಯಂದಿರು ತಡವಾಗಿ ಬಂದರೆ ಖಾಡಾ ಹಾಕುವುದಿಲ್ಲ ಎಂದು ಅವನು ಒಪ್ಪಿದ. ಪೂರ್ತಿ ರಜೆಗೆ ಒಪ್ಪಲಿಲ್ಲ. ತಂಡ ಅಷ್ಟನ್ನೇ ತೆಗೆದುಕೊಂಡಿತು. ಅಲ್ಲಿ ಪಟ್ಟು ಹಿಡಿದಿದ್ದರೆ ಅದೂ ಕೈತಪ್ಪುತ್ತಿತ್ತು ಎಂದು ನನಗನಿಸುತ್ತದೆ.

ಏನಾಯಿತು

ಮೊದಲ ಮಂಗಳವಾರ ಟ್ರ್ಯಾಕ್ಟರ್ ಗ್ಯಾಂಗ್‌ನ ಬಹುತೇಕ ಮಕ್ಕಳಿಗೆ ಬಾಕಿ ಲಸಿಕೆ ಆಯಿತು. ಮರಾಠಿ ಆಶಾ ಪ್ರತಿ ತಾಯಿಗೂ ನಾಲ್ಕು ಮಾತು ಹೇಳುತ್ತಿದ್ದರು: ಇವತ್ತು ಯಾವುದು ಹಾಕಿದ್ದು, ಜ್ವರ ಬಂದರೆ ಏನು ಮಾಡುವುದು, ಮುಂದಿನದು ಯಾವಾಗ, ಕಾರ್ಡು ಎಲ್ಲಿಡುವುದು. ಅರ್ಧ ಗಂಟೆ ಕೂರಿಸಿಕೊಂಡರು. ತುರ್ತು ಔಷಧಿಯ ಕಿಟ್ ಪಕ್ಕದಲ್ಲೇ ಇತ್ತು. ಪ್ಯಾರಸಿಟಮಾಲ್ ಎಷ್ಟು ಕೊಡಬೇಕೆಂದು ಬಾಟಲಿಗೆ ಗುರುತು ಹಾಕಿ ಕೊಟ್ಟರು. ಇಬ್ಬರು ತಾಯಂದಿರು ಬೇಡ ಎಂದರು, ಒತ್ತಾಯ ಮಾಡಲಿಲ್ಲ. ಅವರಲ್ಲಿ ಒಬ್ಬಳು ಮುಂದಿನ ವಾರ ತಾನೇ ಬಂದಳು. ಪಕ್ಕದ ಗುಡಿಸಲಿನ ಕೂಸಿಗೆ ಜ್ವರ ಬಂದು ಮಾರನೆಯ ದಿನ ಇಳಿದದ್ದನ್ನು ನೋಡಿ ಬಂದದ್ದು.

ದಡಾರ ಅದೇ ಸಾಲಿನ ಇನ್ನೆರಡು ಮಕ್ಕಳಿಗೆ ಬಂತು. ಆಮೇಲೆ ಆ ಗುಂಪಿನಲ್ಲಿ ಹೊಸದಾಗಿ ಕಾಣಲಿಲ್ಲ. ಲಸಿಕೆಯಿಂದಲೇ ನಿಂತಿತು ಎಂದು ಹೇಳಲು ಇದೊಂದೇ ಪ್ರಕರಣ ಸಾಲದು. ಸೋಂಕು ತಗುಲಿದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ರೋಗ ತಡೆಯಬಹುದು ಎನ್ನುತ್ತಾರೆ, ಆದರೆ ಇಲ್ಲಿ ಮೊದಲ ಮಗುವಿನ ಜೊತೆ ಆಡಿದವರಿಗೆ ಆ ಸಮಯ ಯಾವಾಗಲೋ ದಾಟಿತ್ತು. ಎರಡು ಗುರುವಾರ ಕಳೆದದ್ದರ ಬೆಲೆ ಅದು.

ಎರಡನೇ ಪೆಟ್ಟು ಬೇರೆ ಕಡೆಯಿಂದ ಬಂತು. ಮುಂದಿನ ಡೋಸ್‌ಗೆ ಕನಿಷ್ಠ ನಾಲ್ಕು ವಾರದ ಅಂತರ ಬೇಕು. ಆ ನಾಲ್ಕು ವಾರ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ನೋಡಿದರೆ ಗುಡಿಸಲುಗಳಿರಲಿಲ್ಲ. ಸುತ್ತಲಿನ ಕಬ್ಬು ಮುಗಿದಿತ್ತು. ರಾತ್ರೋರಾತ್ರಿ ಟ್ರ್ಯಾಕ್ಟರ್ ಹತ್ತಿ ಹೋಗಿದ್ದರು. ಸಿಂಟೆಕ್ಸ್ ಟ್ಯಾಂಕ್ ಅಲ್ಲೇ ಇತ್ತು, ಅರ್ಧ ನೀರು.

ಆಗ ಕೆಲಸಕ್ಕೆ ಬಂದದ್ದು ತಲೆ ಎಣಿಕೆಯ ದಿನ ಬರೆದುಕೊಂಡಿದ್ದ ಮುಕಾದಮ್‌ನ ಫೋನ್ ನಂಬರ್. ಅವನು ಹೇಳಿದ ಊರು ಬೇರೆ ತಾಲ್ಲೂಕಿನದು. ಸಿಸ್ಟರ್ ಅಲ್ಲಿನ ಸಿಸ್ಟರ್ ಯಾರು ಎಂದು ಹುಡುಕಿ ಫೋನ್ ಮಾಡಿ, ಪಟ್ಟಿಯ ಫೋಟೋ ಕಳಿಸಿ, ಸಂತೆ ದಿನ ಸಂಜೆ ಹೋಗಿ, ಹಗಲು ಹೋಗಬೇಡಿ ಎಂದು ಹೇಳಿದರು. ಅಲ್ಲಿ ಅವರು ಹೋದರು. ಆ ಒಂದು ಮಾತಿನಿಂದ ಅವರಿಗೆ ನಮ್ಮ ಹಾಗೆ ಎರಡು ವಾರ ವ್ಯರ್ಥ ಆಗಲಿಲ್ಲ. ಅದಾದ ಮೇಲೆ ರಿಜಿಸ್ಟರ್‌ನಲ್ಲಿ ಪ್ರತಿ ಮಗುವಿನ ಮುಂದೆ ಒಂದು ಹೊಸ ಕಾಲಂ ಗೆರೆ ಹಾಕಿಕೊಂಡರು: ಇಲ್ಲಿಂದ ಎಲ್ಲಿಗೆ.

ಎತ್ತಿನ ಗಾಡಿಯವರ ಕ್ಯಾಂಪಿನಲ್ಲಿ ಇದೇ ಯೋಜನೆ ಅಷ್ಟು ನಡೆಯಲಿಲ್ಲ. ಅವರು ಒಂದೇ ಕಡೆ ಇರುವವರು, ಸುಲಭ ಆಗಬೇಕಿತ್ತು. ಆದರೆ ಗಾಡಿಗಳು ಕಾರ್ಖಾನೆ ಮುಂದೆ ಸಾಲು ಕಾಯುತ್ತವೆ, ಗಂಡಸರು ಯಾವ ಹೊತ್ತಿಗೋ ಬರುತ್ತಾರೆ, ಎತ್ತಿನ ಮೇವು ನೀರು ಹೆಂಗಸರ ಮೇಲೆ. ಅವರಿಗೆ ಸಂತೆ ದಿನವೂ ಬಿಡುವಲ್ಲ. ಒಂದು ಕಡೆ ಗೆದ್ದ ಹೊತ್ತನ್ನು ಇನ್ನೊಂದು ಕಡೆಗೆ ಹಾಗೇ ಎತ್ತಿಟ್ಟದ್ದು ತಪ್ಪಾಯಿತು ಎಂದು ತಂಡಕ್ಕೆ ಬೇಗನೆ ತಿಳಿಯಿತು. ಅಲ್ಲಿ ಮತ್ತೆ ಲಸಿಕೆ ಇಲ್ಲದೆ ಒಂದು ಸಂಜೆ ಕೂರಬೇಕಾಯಿತು. ಕೊನೆಗೆ ಗುಡಿಸಲುಗಳ ನಡುವೆಯೇ ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ ಪಾಳಿಯಲ್ಲಿ ಕೂತರು. ವಯಲ್‌ನ ನಾಲ್ಕು ಗಂಟೆ ಲೆಕ್ಕಕ್ಕೆ ಎರಡು ಸಲ ಹೊಸದು ತೆರೆದರು. ಜನ ಕಡಿಮೆ ಬಂದರು, ಆದರೆ ಬಂದರು.

ಮಾರ್ಚ್ ಕೊನೆಗೆ ಎಲ್ಲರೂ ಊರಿಗೆ ಹೊರಟಾಗ ಪ್ರತಿ ಮಗುವಿನ ಕಾರ್ಡನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೊಟ್ಟರು, ಅದರ ಫೋಟೋ ತಾಯಿಯ ಅಥವಾ ಅಪ್ಪನ ಮೊಬೈಲ್‌ಗೆ ಕಳಿಸಿದರು. ಬಾಕಿ ಡೋಸ್‌ಗಳ ಪಟ್ಟಿ ಆಯಾ ಜಿಲ್ಲೆಗೆ ಹೋಯಿತು. ವಿಜಯಪುರದ ತಾಂಡಾದಿಂದ ಡೋಸ್ ಮುಗಿದ ಸುದ್ದಿ ಬಂತು. ಬೀಡ್ ಕಡೆಯಿಂದ ಹೆಚ್ಚಿನವರ ಬಗ್ಗೆ ಏನೂ ಬರಲಿಲ್ಲ. ರಾಜ್ಯದ ಗಡಿ ದಾಟಿದ ಮೇಲೆ ಪಟ್ಟಿಯನ್ನು ಹಿಂಬಾಲಿಸುವವರು ಯಾರು ಎನ್ನುವುದು ಆಗಲೂ ತೀರ್ಮಾನ ಆಗಲಿಲ್ಲ.

ಮುಂದಿನ ಹಂಗಾಮಿನ ಮೈಕ್ರೋ ಪ್ಲಾನ್ ಬರೆಯುವಾಗ ಸಿಸ್ಟರ್ ಮೂರು ಸಾಲು ಮೊದಲೇ ಸೇರಿಸಿದರು. ಗ್ಯಾಂಗ್ ಇಳಿದ ವಾರದಲ್ಲೇ ಸಂಜೆ ತಲೆ ಎಣಿಕೆ, ಆಗಲೇ ನೀರಿನ ವ್ಯವಸ್ಥೆ, ಆಗಲೇ ಪ್ರತಿ ಗುಂಪಿಗೂ ಬಿಡುವಿನ ಹೊತ್ತು ಕೇಳಿ ಬರೆಯುವುದು. ದಿನಾಂಕದ ಜಾಗ ಖಾಲಿ ಬಿಟ್ಟಿದ್ದರು. ಕಾರ್ಖಾನೆ ಯಾವಾಗ ಶುರುವಾಗುತ್ತದೆ ಎಂದು ತಿಳಿಸಲು ಕಾರ್ಖಾನೆಯ ಕಬ್ಬು ವಿಭಾಗದ ಒಬ್ಬರು ಒಪ್ಪಿದ್ದಾರೆ, ಫೋನ್ ಬಂದ ದಿನ ತುಂಬುತ್ತೇನೆ ಎಂದರು. ಮರಾಠಿ ಬಲ್ಲ ಆಶಾಗೆ ಆ ಸಂಜೆಗಳ ಪ್ರಯಾಣದ ಖರ್ಚು ಯಾವ ಲೆಕ್ಕದಲ್ಲಿ ಕೊಡುವುದು ಎಂಬ ಟಿಪ್ಪಣಿಯೂ ಅದರ ಜೊತೆ ಮೇಲಕ್ಕೆ ಹೋಗಿದೆ.